ನಮ್ಮವ್ವ ಬರದ ಹಾಡಿನ ಕೆಳಗ ‘ಸಂಗ್ರಹ’ ಅಂತ ಐತಿ, ಏನ್ ಮಾಡೂದ್ರಿ?

ಕಂಡಕಿಯ ಮಗಳು, ಬಾಗಲಕೋಟೆ · ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಮೂಲ ಗುಳೇದಗುಡ್ಡ. ಮನ್ಯಾಗ ಕುಣಿಮಗ್ಗ ಇತ್ತು. ಅಪ್ಪ ಖಣ ನೇಯತಿದ್ದ, ಅವ್ವ ಕಂಡಕಿ, ಅಂದ್ರ ಲಾಳಿಯೊಳಗ ಹಾಕೂ ನೂಲಿನ ಸುರುಳಿ, ಸುತ್ತತಿದ್ಲು. ಈಗ ಅಪ್ಪ ಇಲ್ಲ, ಮಗ್ಗಾನೂ ಇಲ್ಲ. ಅವ್ವಗ 74, ನನ್ನ ಜೋಡಿ ನವನಗರದಾಗ ಇರ್ತಾಳ. ಬಾಸೆಲ್ ಮಿಷನ್ನಿನವರು ನಮ್ಮೂರಿಗೆ ಬಂದಿದ್ದು 1851ರಾಗ. ನಮ್ಮ ಮನಿತನದವರು ಅದಾದ ಮ್ಯಾಲ ಯಾವಾಗೋ ಕ್ರೈಸ್ತ ಸಭೆ ಸೇರಿದವರು. ಅವ್ವ ಓದಿದ್ದು ನಾಕನೇತ್ತ. ಆದ್ರ ಸತ್ಯವೇದ (ಬೈಬಲ್) ಗಡಗಡ ಓದ್ತಾಳ, ಮತ್ತ ಹಾಡು ಕಟ್ತಾಳ. ನೂಲಿನ ಲೆಕ್ಕದ ವಹಿ ಒಂದೈತಿ ಆಕಿ ಕಡೆ. ಬಲಗಡೆ ಹಾಳ್ಯಾಗ ಎಷ್ಟು ಕಂಡಕಿ ಆತು, ಸಾವಕಾರ ಎಷ್ಟು ಕೊಡಬೇಕು. ಎಡಗಡೆ ಹಾಳ್ಯಾಗ ಹಾಡು. ಎರಡೂ ಒಂದ ಪೆನ್ಸಿಲ್ಲಿನಾಗ.

ಹೋದ ವರ್ಷ ನಮ್ಮ ಸಭೆಯವರು ಹಾಡಿನ ಪುಸ್ತಕ ಅಚ್ಚು ಹಾಕಿಸಿದ್ರು. ಮೊನ್ನೆ ರವಿವಾರ ಆರಾಧನ್ಯಾಗ 43ನೇ ಹಾಡು ತಗೀರಿ ಅಂದ್ರು. ಎರಡನೇ ಸಾಲಿಗೇ ನನ್ನ ಕೈ ತಣ್ಣಗಾತು. ಅದು ನಮ್ಮವ್ವನ ಹಾಡು. ಸಣ್ಣಾಕಿದ್ದಾಗ ಲಾಳಿ ಸಪ್ಪಳದ ಜೋಡಿ ಕೇಳಿದ್ದು. ಕೆಳಗ ಸಣ್ಣ ಅಕ್ಷರದಾಗ ‘ಸಂಗ್ರಹ’ ಅಂತ ಹಾಕ್ಯಾರ. ಪುಸ್ತಕದ ಮುಂದ ಸಂಪಾದಕ ಮಂಡಳಿ ಅಂತ ಆರು ಮಂದಿ ಗಂಡಸರ ಫೋಟೊ. ಬಾಜೂಕ ನೋಡಿದ್ರ ಅವ್ವ ಕಣ್ಣು ಮುಚ್ಚಿ ಎಲ್ಲರ ಜೋಡಿ ಹಾಡಾಕತ್ತಿದ್ಲು. ಮನಿಗೆ ಬಂದು ‘ಅವ್ವಾ, ಇದು ನಿಂದಲ್ಲೇನ?’ ಅಂತ ಕೇಳಿದ್ರ ‘ಹೂಂ, ಇರವಲ್ದ್ಯಾಕ’ ಅಂದು ರೊಟ್ಟಿ ಹಿಟ್ಟು ನಾದಾಕ ಹೋದ್ಲು.

ಕೇಳಬೇಕೋ, ಬಿಡಬೇಕೋ ತಿಳೀವಲ್ದು. ಸಭೆಯವರು ಹೊರಗಿನವರಲ್ಲ, ನಮ್ಮವರs. ಅಪ್ಪನ ಮಣ್ಣಿಗೆ ಬಂದು ನಿಂತವರು. ಅದಕ್ಕ ಇಲ್ಲಿ ಕೇಳಾಕತ್ತೀನಿ. ಅವ್ವನ ಹೆಸರು, ಸಭೆ ಹೆಸರು ಹಾಕೂದಿಲ್ಲ.

ಮಹಿಮೆ ದೇವರಿಗೆ, ವಿಜಯಪುರ · ಸೋಮವಾರ ರಾತ್ರಿ 10:15

ತಂಗಿ, ಕರ್ತನ ನಾಮದಲ್ಲಿ ವಂದನೆಗಳು. ನಾನು ಬಹಳ ವರ್ಷ ಸಭೆಯ ಹಿರಿಯನಾಗಿದ್ದವನು. ಹಾಡು ಒಮ್ಮೆ ಸಭೆಯ ಬಾಯಿಗೆ ಬಂದಮೇಲೆ ಅದು ಕರ್ತನದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಆತನೇ ಹೇಳಿದ್ದಾನೆ. ನಿಮ್ಮ ತಾಯಿಯವರು ‘ಇರವಲ್ದ್ಯಾಕ’ ಅಂದರಲ್ಲ, ಅದು ದೊಡ್ಡ ವಿಶ್ವಾಸ. ನೀವು ಅದನ್ನು ಕೆಡಿಸಬೇಡಿ. ಹೆಸರಿನ ಜಗಳಕ್ಕೆ ಒಡೆದ ಸಭೆಗಳನ್ನು ಈ ಕಣ್ಣಿಂದ ನೋಡಿದ್ದೇನೆ.

ಮೂರನೇ ಸಾಲು, ಜಮಖಂಡಿ · ಸೋಮವಾರ ರಾತ್ರಿ 10:32

ಅಣ್ಣಾರ, ತಪ್ಪು ತಿಳೀಬ್ಯಾಡ್ರಿ, ಒಂದ ಪ್ರಶ್ನೆ. ಅದs ಪುಸ್ತಕದಾಗ ಗಂಡಸರು ಬರದ ಹಾಡಿನ ಕೆಳಗ ಹೆಸರು ಅದಾವೋ ಇಲ್ಲೋ? ಇದ್ರ, ಎಡಗೈ ಬಲಗೈ ಮಾತು ಬರೇ ಹೆಣ್ಮಕ್ಕಳ ಕೈಗಷ್ಟೇನು?

ಕೀರ್ತನೆಗಳ ಪುಸ್ತಕ ತಗೀರಿ. ಹಾಡಿನ ತಲಿಮ್ಯಾಲ ‘ದಾವೀದನ ಕೀರ್ತನೆ’ ಅಂತ ಇರ್ತೈತಿ. ದಾವೀದನ ಹೆಸರು ಇದ್ದದ್ದಕ್ಕ ದೇವರ ಮಹಿಮೆ ಒಂದ ಗುಂಜಿ ಕಡಿಮಿ ಆಗಿಲ್ಲ.

ಕಂಡಕಿಯ ಮಗಳು · ಸೋಮವಾರ ರಾತ್ರಿ 10:50

ಈಗs ಎಣಿಸಿದೆ ಅಕ್ಕಾರ. 27 ಹಾಡಿಗೆ ಹೆಸರೈತಿ, ಎಲ್ಲಾ ಗಂಡಸರವು. 19 ಹಾಡಿಗೆ ‘ಸಂಗ್ರಹ’. ಆ 19ರಾಗ ನಮ್ಮ ಅತ್ತಿ ಒಬ್ಬಾಕಿ ಕಟ್ಟಿದ್ದ ಜೋಗುಳಾನೂ ಸಿಕ್ತು.

ಸಿಸ್ಟರ್, ಖಾನಾಪುರ ಕಡೆ · ಮಂಗಳವಾರ ಬೆಳಿಗ್ಗೆ 6:05

ಬೆಳಗಿನ ಪೂಜೆಗೆ ಮುಂಚೆ ಇದನ್ನು ಓದಿದೆ, ಪೂಜೆಯುದ್ದಕ್ಕೂ ತಲೆಯಲ್ಲಿ ಇದೇ.

ನಾವು ಕಥೋಲಿಕರು ದಿನಾ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಮ್ಮನ ಹಾಡು ಹೇಳುತ್ತೇವೆ, ಲೂಕ ಒಂದನೇ ಅಧ್ಯಾಯದ್ದು. ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿದ, ದೀನರನ್ನು ಮೇಲೆತ್ತಿದ, ಹಸಿದವರಿಗೆ ಉಣಿಸಿ ಉಳ್ಳವರನ್ನು ಬರಿಗೈಲಿ ಕಳಿಸಿದ ಎನ್ನುವ ಹಾಡು. ಇಷ್ಟು ಬಿರುಸಾದ ಮಾತನ್ನು ಹಾಡಿದ್ದು ನಜರೇತಿನ ಒಬ್ಬ ಬಸುರಿ ಹುಡುಗಿ. ಹಳೆಯ ಒಡಂಬಡಿಕೆಯಲ್ಲಿ ಹನ್ನಳ ಹಾಡಿದೆ, ದೆಬೋರಳ ಹಾಡಿದೆ, ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದು ಹಾಡಿದ ಮಿರ್ಯಾಮಳಿದ್ದಾಳೆ. ಪವಿತ್ರ ಗ್ರಂಥ ಇವರಲ್ಲಿ ಯಾರ ಹೆಸರನ್ನೂ ಮುಚ್ಚಿಟ್ಟಿಲ್ಲ. ನಾವೇ ಮುಚ್ಚಿದ್ದು.

ನಮ್ಮಲ್ಲಿ ಏನಾಯಿತೆಂದರೆ, 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹೋಗಿ ಪೂಜೆ ಜನರ ಭಾಷೆಗೆ ಬಂತು. ಕನ್ನಡದಲ್ಲಿ ಹಾಡು ಬೇಕು, ಅದೂ ಬೇಗ ಬೇಕು. ಗುರುಗಳು ಬರೆದರು, ಉಪದೇಶಿಗಳು ಬರೆದರು, ಕನ್ಯಾಮಠದ ಅಡುಗೆಮನೆಯಲ್ಲೂ ಬರೆದರು. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಬರೆದ ಕಾಣಿಕೆಗೀತೆಯನ್ನು ನಾನು ಎಷ್ಟು ಊರಲ್ಲಿ ಕೇಳಿದ್ದೇನೋ. ಹಾಳೆಯಲ್ಲಿ ಏನಿರುತ್ತಿತ್ತು ಗೊತ್ತೇ? ‘ಒಬ್ಬ ಸಹೋದರಿ’. ಅವರು ತೀರಿಕೊಂಡಾಗ ಮಣ್ಣು ಕೊಡುವ ಹೊತ್ತಿಗೆ ಅದೇ ಹಾಡು ಹಾಡಿದರು. ಹಾಡಿದವರಲ್ಲಿ ಮುಕ್ಕಾಲು ಜನಕ್ಕೆ ಇದು ಪೆಟ್ಟಿಗೆಯಲ್ಲಿರುವವರದೇ ಹಾಡು ಅಂತ ಗೊತ್ತಿರಲಿಲ್ಲ.

ಕ್ಯಾಂಪಿನವ, ಬೆಳಗಾವಿ · ಮಂಗಳವಾರ ಬೆಳಿಗ್ಗೆ 9:20

ನಮ್ಮ ಬೆಳಗಾವಿಯಲ್ಲಿ ಕನ್ನಡ ಮರಾಠಿ ಒಂದೇ ಬೀದಿ, ಹಂಗಾಗಿ ಮರಾಠಿ ಕಡೆಯ ಮಾತೊಂದು.

ಲಕ್ಷ್ಮೀಬಾಯಿ ಟಿಳಕ. ಹನ್ನೊಂದನೇ ವಯಸ್ಸಿಗೆ ಮದುವೆ. ಗಂಡ ನಾರಾಯಣ ವಾಮನ ಟಿಳಕರು ಕವಿ, 1895ರಲ್ಲಿ ಕ್ರೈಸ್ತರಾದರು. ಹೆಂಡತಿ ಐದು ವರ್ಷ ಮಡಿ-ಮೈಲಿಗೆಯ ನಡುವೆ ಒದ್ದಾಡಿ 1900ರಲ್ಲಿ ದೀಕ್ಷಾಸ್ನಾನ ಪಡೆದಾಕೆ. ಗಂಡ ಕ್ರಿಸ್ತನ ಮೇಲೆ ಮಹಾಕಾವ್ಯ ಬರೆಯಲು ಕೂತರು, ಹತ್ತು-ಹನ್ನೊಂದು ಅಧ್ಯಾಯ ಆಗುವುದರೊಳಗೆ 1919ರಲ್ಲಿ ತೀರಿಕೊಂಡರು. ಮಿಕ್ಕ ಅಧ್ಯಾಯಗಳನ್ನೆಲ್ಲ, ಅಂದರೆ ಕಾವ್ಯದ ಬಹುಪಾಲನ್ನು, ಈಕೆ ಬರೆದು ಮುಗಿಸಿದಳು. ಆದರೂ ‘ಖ್ರಿಸ್ತಾಯನ’ ಅಂದಾಗ ನಮ್ಮ ಮೇಷ್ಟ್ರುಗಳು ಮೊದಲು ಹೇಳುತ್ತಿದ್ದುದು ಗಂಡನ ಹೆಸರು. 1934ರಿಂದ ಕಂತುಕಂತಾಗಿ ಬಂದ ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆ ಇಲ್ಲದಿದ್ದರೆ ಆಕೆ ‘ಟಿಳಕರ ಪತ್ನಿ’ಯಾಗಿಯೇ ಉಳಿಯುತ್ತಿದ್ದಳೋ ಏನೋ.

ಇನ್ನೊಂದು ತಮಾಷೆ. ಅಮೆರಿಕದ ಫ್ಯಾನಿ ಕ್ರಾಸ್ಬಿ, ಹಸುಗೂಸಾಗಿದ್ದಾಗಲೇ ಕಣ್ಣು ಹೋದಾಕೆ, 1820ರಿಂದ 1915ರವರೆಗೆ ಬಾಳಿದಾಕೆ. 8000ಕ್ಕೂ ಹೆಚ್ಚು ಆರಾಧನಾ ಗೀತೆ ಬರೆದಳು. ಒಂದೇ ಪುಸ್ತಕದ ತುಂಬ ಒಬ್ಬಳದೇ ಹೆಸರು ಬಂದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಪ್ರಕಾಶಕರಿಗೆ ಇರುಸುಮುರುಸು, ಅದಕ್ಕೆ ಸುಮಾರು 200 ಬೇರೆ ಬೇರೆ ಹೆಸರಲ್ಲಿ ಅಚ್ಚು ಹಾಕಿದರು. ಹೆಸರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿಯೂ ಹೆಣ್ಣು ಮರೆಯಾಗಬಹುದು ನೋಡಿ.

ಬೀಸುಕಲ್ಲು, ವಿಜಯಪುರ · ಮಂಗಳವಾರ ಮಧ್ಯಾಹ್ನ 1:10

ನಾ ಇಲ್ಲಿ ಮಹಿಳಾ ವಿವಿದಾಗ ಜನಪದ ಹಾಡಿನ ಮ್ಯಾಲ ಸಂಶೋಧನಾ ಮಾಡಾಕಿ. ಅಮೆರಿಕಕ್ಕ ಯಾಕ ಹೋಗಬೇಕ್ರಿ ಸರ, ಇಂಡಿ ರಸ್ತೆ ಹಿಡದು ಹಲಸಂಗಿಗೆ ಹೋದ್ರ ಸಾಕು.

ಹಲಸಂಗಿ ಗೆಳೆಯರು 1931ರಾಗ ‘ಗರತಿಯ ಹಾಡು’ ತಂದ್ರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ. ಅವರು ಆ ಕೆಲಸ ಮಾಡದಿದ್ರ ಆ ತ್ರಿಪದಿಗಳು ಬೀಸುಕಲ್ಲಿನ ಜೋಡೀನ ಹೋಗಿರ್ತಿದ್ದವು. ಅವರಿಗೆ ಕೈ ಮುಗೀತೀನಿ. ಆದ್ರ ನೋಡ್ರಿ, ಸಂಗ್ರಹ ಮಾಡಿದ ಗಂಡಸರ ಹೆಸರು ನಮಗ ಬಾಯಿಪಾಠ. ಹಾಡಿದಾಕಿ ಯಾರು? ‘ಗರತಿ’. ಅದು ಹೆಸರಲ್ಲ, ಆಕಿ ಹೆಂಗಿರಬೇಕು ಅನ್ನೂ ಅಪೇಕ್ಷಾ. ಜಾನಪದ ಅಂದಮ್ಯಾಲ ಕರ್ತೃ ಇರೂದಿಲ್ಲ ಅಂತ ಪಾಠದಾಗ ಓದ್ತೀವಿ. ನಾ ಹಾಡು ಕೇಳಾಕ ಹೋದ ಊರಾಗ ಒಬ್ಬಾಕಿ ಮುದುಕಿ, ‘ಈ ಪದ ನಮ್ಮತ್ತಿ ಕಟ್ಟಿದ್ದು, ನಾ ಹಾಡಬೇಕಾದ್ರ ಆಕಿ ಹೆಸರು ತಗೊಂಡ ಹಾಡ್ತೀನಿ’ ಅಂದ್ಲು. ಕರ್ತೃ ಇಲ್ಲ ಅಂತ ಆಕಿಗೆ ಯಾರೂ ಹೇಳಿಲ್ಲ ಪಾಪ.

ಕಂಡಕಿಯ ಮಗಳೇ, ನಿಮ್ಮವ್ವನ ಹಾಡು ತ್ರಿಪದಿ ಏನು? ಒಂದು ನುಡಿ ಹಾಕ್ತೀರೇನು?

ಮೂರನೇ ಸಾಲು · ಮಂಗಳವಾರ ಮಧ್ಯಾಹ್ನ 2:25

ಸಭೆಯ ಕತಿ ಆತು, ಸಾಹಿತ್ಯದ ಕತಿ ನಾ ಹೇಳ್ತೀನಿ. 22 ವರ್ಷದಿಂದ ಕವಿತಾ ಬರೀತೀನಿ. ಶಿಲುಬೆ, ಗೋದಲಿ ಬಗ್ಗೆ ಬರದದ್ದು ಹತ್ತರಾಗ ಒಂದೂ ಇಲ್ಲ. ಕಬ್ಬಿನ ಗಾಣ, ಕೃಷ್ಣಾ ಹಿನ್ನೀರಿಗೆ ಮುಳಗಿದ ನಮ್ಮ ತವರೂರು, ಮುಟ್ಟು, ಮಗಳ ಲಗ್ನ, ಇದರ ಮ್ಯಾಲs ಬರದೀನಿ. ಆದ್ರ ಕವಿಗೋಷ್ಠಿಗೆ ಫೋನ್ ಬರೂದು ಡಿಸೆಂಬರಿನಾಗ. ‘ಮೇಡಂ, ಕ್ರಿಸ್ಮಸ್ ಬಂತಲ್ರಿ, ಸರ್ವಧರ್ಮ ಗೋಷ್ಠಿ ಇಟ್ಟೀವಿ, ನಿಮ್ಮ ಧರ್ಮದ್ದೊಂದು ಪದ್ಯ.’ ನನ್ನ ಪಾಳಿ ಬರೂ ಹೊತ್ತಿಗೆ ಊಟದ ಹಾಲಿನಾಗ ತಾಟು ಸಪ್ಪಳ. ಒಮ್ಮೆ ನಿರೂಪಕ, ‘ಇವರು ಕ್ರೈಸ್ತರಾದರೂ ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾರೆ’ ಅಂತ ಪರಿಚಯ ಮಾಡಿಕೊಟ್ಟ. ಆ ‘ಆದರೂ’ ಅನ್ನೂ ಮಾತು ಇನ್ನೂ ಕಿವ್ಯಾಗ ಕುಂತೈತಿ.

ಅತ್ಲಾಗ ಸಭೆಯೊಳಗ ನನ್ನ ಮುಟ್ಟಿನ ಕವಿತಾ ಓದಿದವರು ‘ಇದು ಸಾಕ್ಷಿಯ ಜೀವಿತಕ್ಕ ತಕ್ಕದ್ದಲ್ಲ’ ಅಂದ್ರು. ಸಾಹಿತಿಗಳಿಗೆ ನಾ ಬರೇ ಕ್ರೈಸ್ತಾಕಿ, ಕ್ರೈಸ್ತರಿಗೆ ಬರೇ ಕವಿ. ಎರಡೂ ಕಡೆ ಒಂದ ಕಾಲು ಹೊರಗ.

ರಾಯಣ್ಣ ಅಭಿಮಾನಿ, ಬೆಳಗಾವಿ · ಮಂಗಳವಾರ ಮಧ್ಯಾಹ್ನ 3:02

[ಈ ಬರಹವನ್ನು ತೆಗೆಯಲಾಗಿದೆ]

ನಿರ್ವಾಹಕ · ಮಂಗಳವಾರ ಮಧ್ಯಾಹ್ನ 3:15

ಮತಾಂತರದ ವಾದಕ್ಕೆ ಇಲ್ಲಿ ಜಾಗ ಇಲ್ಲ. ‘ಇವರು ಕನ್ನಡದವರೇ?’ ಅನ್ನುವವರಿಗೆ ಒಂದೇ ಮಾತು: ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದ ಉತ್ತಂಗಿ ಚೆನ್ನಪ್ಪನವರು ಕ್ರೈಸ್ತ ಬೋಧಕರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಚರ್ಚೆ ಮುಂದುವರಿಯಲಿ.

ಮೂರನೇ ಸಾಲು · ಮಂಗಳವಾರ ಮಧ್ಯಾಹ್ನ 3:20

ಉತ್ತಂಗಿಯವರ ಹೆಸರು ತಂದಿದ್ದು ಚೊಲೊ ಆತು ಸರ. ಕ್ರೈಸ್ತ ಗಂಡಸಿಗೆ ಸಮ್ಮೇಳನದ ಪೀಠ 1949ಕ್ಕs ಸಿಕ್ತು. ಹೆಣ್ಣಿಗೆ, ಯಾವ ಧರ್ಮದಾಕಿ ಇರಲಿ, ಮೊದಲ ಸಲ ಸಿಕ್ಕಿದ್ದು 1974ರಾಗ, ಮಂಡ್ಯದಾಗ, ಜಯದೇವಿತಾಯಿ ಲಿಗಾಡೆ ಅವರಿಗೆ. ಎರಡನೇದು ನಮ್ಮ ಬಾಗಲಕೋಟ್ಯಾಗ, 2000ದಾಗ, ಶಾಂತಾದೇವಿ ಮಾಳವಾಡರಿಗೆ. ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಾಗ. ನಡುವಿನ ಲೆಕ್ಕ ನೀವs ಹಾಕ್ಕೊಳ್ರಿ.

ವಚನಪ್ರಿಯ, ಬಸವನ ಬಾಗೇವಾಡಿ · ಮಂಗಳವಾರ ಸಂಜಿ 7:30

ನಾನು ಲಿಂಗವಂತ, ನಿಮ್ಮ ಸಭೆಯ ವಿಷಯದೊಳಗ ಬಾಯಿ ಹಾಕಬಾರದು. ಆದರೂ ಒಂದು ತಲಿಗೆ ಬಂತು, ಹೇಳ್ತೀನಿ.

ಹಿರಿಯರು ಹೇಳಿದ್ರು, ಹೆಸರು ಬ್ಯಾಡ, ಎಲ್ಲಾ ದೇವರಿಗೆ ಅಂತ. ನಮ್ಮ ಶರಣೆಯರೂ ತಮ್ಮ ಹೆಸರು ಹಾಕಿಲ್ಲ. ಅಕ್ಕನ ಕಡೀ ಮಾತು ‘ಚೆನ್ನಮಲ್ಲಿಕಾರ್ಜುನಾ’, ಅದು ಆಕಿ ಹೆಸರಲ್ಲ, ಆಕಿ ದೇವರ ಹೆಸರು. ಆದ್ರ ಆ ಅಂಕಿತ ಕಂಡಕೂಡ್ಲೆ ಇದು ಅಕ್ಕನ ವಚನ ಅಂತ ತಿಳೀತೈತಿ. ದೇವರಿಗೂ ಸಲ್ತು, ಬರದಾಕಿಗೂ ಸಲ್ತು. ಕದಿರ ರೆಮ್ಮವ್ವೆ ಅಂತ ಒಬ್ಬಾಕಿ ಶರಣಿ, ರಾಟಿಯ ಮ್ಯಾಲ ನೂಲು ತಗದು ಬದುಕಿದಾಕಿ. ಆಕಿ ಅಂಕಿತ ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರಾ’. ಕಸಬು, ತನ್ನ ಹೆಸರು, ದೇವರು, ಮೂರನ್ನೂ ಒಂದ ಗಂಟಿನಾಗ ಕಟ್ಯಾಳ. ಇಲ್ಲೇ ವಿಜಯಪುರದಾಗ ಫ.ಗು. ಹಳಕಟ್ಟಿಯವರು ಮನಿಮನಿಗೆ ಹೋಗಿ ತಾಳೆಗರಿ ಕೂಡಿಸಿ, ಹಿತಚಿಂತಕ ಮುದ್ರಣಾಲಯ ಹಾಕಿ ಅಚ್ಚು ಮಾಡಿದ್ರಲ್ಲ, ಯಾರ ವಚನ ಯಾರದು ಅಂತ ವಿಂಗಡ ಮಾಡಾಕ ಅಂಕಿತ ಇಲ್ಲದಿದ್ರ ಏನ್ ಮಾಡ್ತಿದ್ರು?

ಅದಕ್ಕ ತಂಗಿ, ನಿಮ್ಮವ್ವನ ವಹಿ ಒಮ್ಮೆ ತಗದು ನೋಡು. ಎಲ್ಲಾ ಹಾಡಿನಾಗ ತಿರುಗಿ ತಿರುಗಿ ಬರೂ ಮಾತು ಏನರ ಐತೇನು?

ಕಂಡಕಿಯ ಮಗಳು · ಬುಧವಾರ ಬೆಳಿಗ್ಗೆ 5:48

ರಾತ್ರಿ ನಿದ್ದಿ ಮಾಡಿಲ್ಲ. ವಹಿ ತಗದು ಕುಂತಿದ್ದೆ.

ಐತ್ರಿ ಅಣ್ಣಾರ. ಎಲ್ಲಾ ಹಾಡಿನಾಗೂ ಐತಿ. ‘ಗುಡ್ಡದೊಡೆಯ’.

43ನೇ ಹಾಡಿನ ಮೊದಲ ನುಡಿ ವಹಿಯೊಳಗ ಹಿಂಗೈತಿ:

ಕಂಡಕಿ ಸುತ್ತೂತ ಕಂಡೆನೊ ನಿನಮಾರಿ
ಮಂಡೀಗಿ ಮುಳ್ಳ ಚುಚ್ಯಾವ | ಗುಡ್ಡದೊಡೆಯ
ಉಂಡೀಯೊ ಇಲ್ಲೊ ಮುಂಜಾನಿ

ಪುಸ್ತಕದೊಳಗ ಹಿಂಗ ಅಚ್ಚಾಗೇತಿ:

ಕಂಡೆನು ಕಂಡೆನು ನಿನ್ನಯ ಮುಖವನು
ಮಂಡೆಗೆ ಮುಳ್ಳು ಚುಚ್ಚಿಹುದು | ಓ ಕರ್ತನೇ
ಕಂಡೆನು ನಿನ್ನ ಮಹಿಮೆಯ

ಕಂಡಕಿ ಹೋತು, ಗುಡ್ಡ ಹೋತು, ಊಟ ಕೇಳೂದೂ ಹೋತು. ಹೆಸರು ಇಲ್ಲಂತ ನಾ ಅಳತಿದ್ದೆ. ಇಲ್ಲಿ ನೋಡಿದ್ರ ಹಾಡs ಇಲ್ಲ.

ಬೀಸುಕಲ್ಲು · ಬುಧವಾರ ಬೆಳಿಗ್ಗೆ 8:15

ಯವ್ವಾ! ‘ಉಂಡೀಯೊ ಇಲ್ಲೊ ಮುಂಜಾನಿ’ ಓದಿ ಬಸ್ಸಿನಾಗ ಕಣ್ಣಾಗ ನೀರು ಬಂತು. ಮಗ್ಗಲದಾಕಿ ಏನಾತ್ರಿ ಅಂದ್ಲು.

ಪ್ರಾಸ ನೋಡ್ರಿ. ಕಂಡಕಿ, ಮಂಡೀಗಿ, ಉಂಡೀಯೊ. ಮೂರೂ ಸಾಲಿನ ಎರಡನೇ ಅಕ್ಷರ ಡಕಾರ, ಮೂರೂ ಬ್ಯಾರೆ ಬ್ಯಾರೆ ಮಾತು. ತಿದ್ದಿದವರು ‘ಕಂಡೆನು’ ಅನ್ನೂದನ್ನ ಮೂರು ಸಲ ತುರುಕ್ಯಾರ, ಪ್ರಾಸ ಉಳೀತು ಜೀವ ಹೋತು. ನಾಕನೇತ್ತ ಓದಿದಾಕಿಗೆ ಆದಿಪ್ರಾಸ ಯಾರೂ ಕಲಿಸಿಲ್ಲ, ಆಕಿ ಕಿವ್ಯಾಗ ಇತ್ತು.

‘ಗುಡ್ಡದೊಡೆಯ’ ಅಂದ್ರ ಕಲ್ವಾರಿ ಗುಡ್ಡಾನೂ ಹೌದು, ಗುಳೇದಗುಡ್ಡಾನೂ ಹೌದು. ಯೆರೂಸಲೇಮಿನಾಗ ಶಿಲುಬೆಗೇರಿದವನನ್ನ ತಮ್ಮೂರ ಗುಡ್ಡದ ಬಡ್ಡಿಗೆ ತಂದು ಕುಂಡ್ರಿಸ್ಯಾಳ ಆಕಿ.

ಮಹಿಮೆ ದೇವರಿಗೆ · ಬುಧವಾರ ಬೆಳಿಗ್ಗೆ 10:40

ಎರಡನ್ನೂ ಓದಿದೆ. ಮೊದಲನೆಯದು ಹೃದಯಕ್ಕೆ ತಟ್ಟುತ್ತದೆ, ಒಪ್ಪುತ್ತೇನೆ. ಆದರೆ ತಿದ್ದಿದವರ ಕಷ್ಟವೂ ನನಗೆ ಅರ್ಥವಾಗುತ್ತದೆ. ‘ಗುಡ್ಡದೊಡೆಯ’ ಅಂದರೆ ಹೊರಗಿನವರಿಗೆ ಬೇರೆ ದೇವರ ಹೆಸರಿನಂತೆ ಕೇಳೀತು. ದೇವಕುಮಾರನನ್ನು ‘ಉಂಡೀಯೊ’ ಎಂದು ಕೇಳುವುದು ಆರಾಧನೆಯಲ್ಲಿ ಸಲುಗೆ ಹೆಚ್ಚಾಯಿತು ಅನ್ನುವವರೂ ಇರುತ್ತಾರೆ.

ಸಿಸ್ಟರ್, ಖಾನಾಪುರ ಕಡೆ · ಬುಧವಾರ ಮಧ್ಯಾಹ್ನ 12:30

ಹಿರಿಯರೇ, ಯೋಹಾನ 21 ತೆಗೆಯಿರಿ. ಎದ್ದುಬಂದ ಯೇಸು ಸರೋವರದ ದಡದಲ್ಲಿ ಬೆಳ್ಳಂಬೆಳಿಗ್ಗೆ ಕೆಂಡ ಮಾಡಿ ಮೀನು ಸುಟ್ಟುಕೊಂಡು ಕೂತಿದ್ದಾನೆ. ರಾತ್ರಿಯಿಡೀ ಬಲೆ ಬೀಸಿ ಬಂದ ಶಿಷ್ಯರಿಗೆ ‘ಬನ್ನಿ, ಊಟ ಮಾಡಿ’ ಅನ್ನುತ್ತಾನೆ. ಲೂಕ 24ರಲ್ಲಿ ಅವನೇ ಕೇಳುತ್ತಾನೆ, ತಿನ್ನಲು ಏನಾದರೂ ಇದೆಯೇ ಅಂತ. ಅವನೇ ಕೇಳಿದ್ದನ್ನು ಈ ತಾಯಿ ತಿರುಗಿ ಕೇಳಿದ್ದಾಳೆ. ಅದೂ ‘ಮುಂಜಾನಿ’. ಆಕೆ ಆ ಅಧ್ಯಾಯ ಓದಿಕೊಂಡೇ ಬರೆದಿದ್ದಾಳೆ ಅಂತ ನನಗನ್ನಿಸುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ, ನಾವು ಸ್ನಾನಿಕನನ್ನು, ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನನನ್ನು, ಅರುಳಪ್ಪ ಅನ್ನುತ್ತೇವೆ. ದೇಶನೂರಿನಲ್ಲಿ ಅವನ ಹೆಸರಲ್ಲಿ ವಿರಕ್ತಮಠವೇ ಇದೆ, ಕಾವಿ ಉಟ್ಟ ಕಥೋಲಿಕ ಸ್ವಾಮಿಗಳದು. ಗಂಡಸರು ಇಡೀ ಮಠವನ್ನೇ ಈ ನೆಲದ ಮಾತಿಗೆ ತಿರುಗಿಸಬಹುದಾದರೆ ಕಂಡಕಿ ಸುತ್ತುವಾಕೆ ಒಂದು ಪದವನ್ನು ತಿರುಗಿಸಬಾರದೇ?

ಕ್ಯಾಂಪಿನವ · ಬುಧವಾರ ಮಧ್ಯಾಹ್ನ 2:00

ಎಮಿಲಿ ಡಿಕಿನ್ಸನ್‌ಗೆ ಆದದ್ದೂ ಇದೇ. ಹತ್ತಿರ ಹತ್ತಿರ 1800 ಕವಿತೆ ಬರೆದು ಪೆಟ್ಟಿಗೆಯಲ್ಲಿಟ್ಟು 1886ರಲ್ಲಿ ಸತ್ತಳು. 1890ರಲ್ಲಿ ಮೊದಲ ಪುಸ್ತಕ ತಂದವರು ಆಕೆಯ ಪ್ರಾಸ ತಿದ್ದಿದರು, ಅಡ್ಡಗೆರೆ ಅಳಿಸಿದರು, ಶೀರ್ಷಿಕೆ ಅಂಟಿಸಿದರು. ಆಕೆ ಬರೆದಂತೆಯೇ ಎಲ್ಲವೂ ಒಟ್ಟಿಗೆ ಬಂದಿದ್ದು 1955ರಲ್ಲಿ. ನಿಮ್ಮ ತಾಯಿ ಬದುಕಿದ್ದಾರೆ, ವಹಿ ಕೈಯಲ್ಲಿದೆ. ಅಷ್ಟು ವರ್ಷ ಕಾಯಬೇಡಿ.

ಆರರಲ್ಲಿ ಒಬ್ಬ · ಬುಧವಾರ ರಾತ್ರಿ 11:25

ಬರೆಯಲೋ ಬೇಡವೋ ಅಂತ ಎರಡು ದಿನ ನೋಡಿದೆ. ಸಭೆಯ ಹೆಸರು ಹೇಳದಿದ್ದರೂ ಹಾಡು ನೋಡಿದ ಕೂಡಲೇ ಗೊತ್ತಾಯಿತು. ಆ ಫೋಟೊದಲ್ಲಿ ಎಡದಿಂದ ಮೂರನೆಯವನು ನಾನು.

ಕದಿಯಬೇಕೆಂದು ಯಾರೂ ಮಾಡಿದ್ದಲ್ಲ ಅಕ್ಕಾ. ಸ್ತ್ರೀಯರ ಸಂಘದವರು ಹಾಡುತ್ತಿದ್ದ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಬರೆದುಕೊಂಡೆವು. ಯಾರು ಬರೆದಿದ್ದು ಅಂತ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ, ಅದೇ ತಪ್ಪು. ಗಂಡಸರು ಬರೆದದ್ದನ್ನು ಅವರೇ ಹೆಸರು ಹಾಕಿ ಹಾಳೆಯಲ್ಲಿ ತಂದುಕೊಟ್ಟರು. ಹೆಂಗಸರದ್ದು ಬಾಯಲ್ಲಿ ಬಂತು, ‘ಸಂಗ್ರಹ’ ಆಯಿತು. ‘ಕಂಡಕಿ’ ಅಂದರೆ ಊರುಬಿಟ್ಟು ಬೆಂಗಳೂರಿಗೆ ಹೋದ ಹುಡುಗರಿಗೆ ತಿಳಿಯುವುದಿಲ್ಲ ಅಂತ ನಾನೇ ಹೇಳಿದ್ದು. ಗ್ರಾಂಥಿಕ ಮಾಡಿದ್ದೂ ನಾನೇ. ಕೀಬೋರ್ಡಿಗೆ ತಾಳ ಸರಿ ಕೂರುತ್ತದೆ ಅಂತ ಖುಷಿಪಟ್ಟಿದ್ದೆ. ಈಗ ಎರಡನ್ನೂ ಒಂದರ ಕೆಳಗೆ ಒಂದು ನೋಡಿ ನಾಚಿಕೆಯಾಗುತ್ತಿದೆ.

300 ಪ್ರತಿ ಹಾಕಿದ್ದೆವು, ಇನ್ನು 40 ಉಳಿದಿವೆ. ಮತ್ತೆ ಅಚ್ಚಿಗೆ ಹೋಗುವ ಮಾತು ನಡೆದಿದೆ. ಅವ್ವನನ್ನು ಕಾಣಲು ಬರಲೇ?

ಕರಿಕೋಟು, ಬೆಳಗಾವಿ · ಗುರುವಾರ ಬೆಳಿಗ್ಗೆ 9:05

ಒಬ್ಬರು ಮುಂದೆ ಬಂದು ಒಪ್ಪಿಕೊಂಡರಲ್ಲ, ನನಗೆ ಕೆಲಸ ಕಡಿಮೆಯಾಯಿತು. ಆದರೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಬೇಕೇಬೇಕು ಅಂತೇನಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕಲಂ 57 ಪ್ರತ್ಯೇಕ. ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು, ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು. ಹಾಡನ್ನು ಯಾರಿಗಾದರೂ ಬರೆದುಕೊಟ್ಟಿದ್ದರೂ ಈ ಹಕ್ಕು ಹೋಗುವುದಿಲ್ಲ.

ನೋಟಿಸು ಗೀಟಿಸು ಬೇಡ. ವಹಿಯ ಪ್ರತಿ ಹಾಳೆಯ ಫೋಟೊ ತೆಗೆದು ಇಟ್ಟುಕೊಳ್ಳಿ, ಬಲಗಡೆಯ ನೂಲಿನ ಲೆಕ್ಕ ಸಮೇತ. ಅದರಲ್ಲಿ ತಾರೀಖು ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಪುರಾವೆ ಇನ್ನೊಂದಿಲ್ಲ.

ಬೀಸುಕಲ್ಲು · ಗುರುವಾರ ಬೆಳಿಗ್ಗೆ 9:40

ಫೋಟೊ ತಗೀಬೇಕಾದ್ರ ಹಗಲ ಬೆಳಕಿನಾಗ ತಗೀರಿ, ಫ್ಲಾಶ್ ಬ್ಯಾಡ, ಪೆನ್ಸಿಲ್ ಅಕ್ಷರ ಹೊಳದು ಕಾಣೂದಿಲ್ಲ. ಮತ್ತ ಅವ್ವ ಹಾಡೂದನ್ನ ರೆಕಾರ್ಡ್ ಮಾಡ್ರಿ. ಮೊದಲ ಆಕಿ ಹೆಸರು ಆಕೀನ ಹೇಳಲಿ, ಆಮ್ಯಾಲ ಹಾಡು. ನನಗಂತೂ ಬರೇ ಅಂಕಿತ ಸಾಲೂದಿಲ್ಲ. ಅಕ್ಕನ ಅಂಕಿತ ನಮಗ ತಿಳೀತೈತಿ ಯಾಕಂದ್ರ ಆಕಿ ಯಾರಂತ ಎಂಟುನೂರು ವರ್ಷದಿಂದ ಹೇಳ್ಕೋತ ಬಂದಾರ. ‘ಗುಡ್ಡದೊಡೆಯ’ ಅಂದ್ರ ಯಾರು ಅಂತ ಪುಸ್ತಕದಾಗ ಒಂದ ಸಾಲರ ಇರಬೇಕು. ಇಲ್ಲಂದ್ರ ಮುಂದಿನ ತಲಿಮಾರು ಮತ್ತ ಸಂಗ್ರಹ ಅಂತೈತಿ.

ಮಹಿಮೆ ದೇವರಿಗೆ · ಗುರುವಾರ ಬೆಳಿಗ್ಗೆ 11:10

ನನ್ನ ತಾಯಿಯೂ ಹಾಡು ಕಟ್ಟುತ್ತಿದ್ದಳು. ಒಂದು ಸಾಲೂ ನನಗೆ ನೆನಪಿಲ್ಲ. ಇಷ್ಟೇ ಹೇಳಬೇಕಿತ್ತು.

ಕಂಡಕಿಯ ಮಗಳು · ಶನಿವಾರ ರಾತ್ರಿ 8:30

ಎಲ್ಲಾರಿಗೂ ಹೇಳಬೇಕು. ಇವತ್ತ ಸಂಜಿಕ ‘ಆರರಲ್ಲಿ ಒಬ್ಬ’ ಅಣ್ಣಾರು ಮನಿಗೆ ಬಂದಿದ್ರು. ಅವ್ವ ಅವರನ್ನ ಸಣ್ಣವಿದ್ದಾಗಿಂದ ನೋಡ್ಯಾಳ, ‘ಬಾರೋ ತಮ್ಮಾ’ ಅಂದು ಮೊದಲ ಚಹಾ ಕೊಟ್ಲು. ಅವರು ಪುಸ್ತಕ ತಗದು, ತಪ್ಪಾತು ಅವ್ವಾ, ಮುಂದಿನ ಅಚ್ಚಿನಾಗ ನಿನ್ನ ಹೆಸರು ಹಾಕ್ತೀವಿ ಅಂದ್ರು.

ಅವ್ವ ಹೆಸರಿನ ಮಾತು ಕಿವಿಗೆ ಹಾಕ್ಕೊಳ್ಳಿಲ್ಲ. ಚಾಳೀಸ ಹಾಕ್ಕೊಂಡು 43ನೇ ಹಾಡಿನ ಮ್ಯಾಲ ಬೆರಳು ಇಟ್ಲು. ‘ಹೆಸರು ಹಾಕು, ಬಿಡು, ಅದು ನಿಮ್ಮ ಮರ್ಜಿ. ನಾ ಉಂಡೀಯೊ ಅಂತ ಕೇಳಿದ್ದೆ. ಅದನ್ಯಾಕ ತಗದಿ? ಅವತ್ತ ನಮ್ಮ ಮನ್ಯಾಗ ಹಿಟ್ಟಿರಲಿಲ್ಲೋ. ನೂಲು ಬಂದಿರಲಿಲ್ಲ, ಎಂಟ ದಿನ ಮಗ್ಗ ನಿಂತಿತ್ತು. ನಾ ಉಂಡಿರಲಿಲ್ಲ, ಅದಕ್ಕ ಅವನನ್ನ ಕೇಳಿದೆ’ ಅಂದ್ಲು.

ಇದು ನನಗೂ ಗೊತ್ತಿರಲಿಲ್ಲ. ವಹಿ ತಗದು ನೋಡಿದೆ. ಆ ಹಾಡಿನ ಎದುರಿಗಿನ ಹಾಳ್ಯಾಗ ಕಂಡಕಿ ಲೆಕ್ಕದ ಕಡೆ ಎಂಟು ದಿನ ಬರೇ ಸೊನ್ನಿ.

ಅಣ್ಣಾರು ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲ ಪೆನ್ನು ತಗೊಂಡು, ನೀ ಹೇಳವ್ವಾ ನಾ ಬರಕೋತೀನಿ ಅಂದ್ರು. ಐದೂ ನುಡಿ ಹೇಳಿ ಬರಸ್ಯಾಳ. ಕ್ರಿಸ್ಮಸ್ಸಿಗೆ ಕಟ್ಟಿದ್ದ ಇನ್ನೊಂದು ಹೇಳಿದ್ಲು, ಅದು ವಹಿಯೊಳಗೂ ಇಲ್ಲ, ಹಾಕ್ತೀನಿ:

ಗ್ವಾದಲ್ಯಾಗ ಮಲಗ್ಯಾನ ವೇದದ ಒಡೆಯಾನ
ಹಾದ್ಯಾಗ ಹಡೆದ ಮರಿಯವ್ವ | ನಿನಗ್ಯಾರ
ಕಾದ ನೀರೆರೆದ್ರ ಬಾಣಂತಿ

ಇದರಾಗ ಗುಡ್ಡದೊಡೆಯ ಯಾಕಿಲ್ಲ ಅಂತ ಕೇಳಿದೆ. ‘ಇದು ಅವನ ಹಾಡಲ್ಲ, ಅವರವ್ವಂದು’ ಅಂದ್ಲು.

ಮೂರನೇ ಸಾಲು · ಶನಿವಾರ ರಾತ್ರಿ 8:52

ಡಿಸೆಂಬರಿನಾಗ ಫೋನ್ ಬಂದ್ರ ಈ ಸಲ ನಾ ಇದನ್ನ ಓದ್ತೀನಿ. ಅವ್ವನ ಹೆಸರು ಹೇಳಿ ಓದಬೇಕು, ನನಗ ಖಾಸಗಿಯಾಗಿ ಕಳಸ್ತೀರೇನು? ಹೆಸರಿನ ಬಗ್ಗೆ ಆರು ದಿನ ಬಡದಾಡಿದ್ವಿ, ಆಕಿ ಹೆಸರು ನಮಗ ಯಾರಿಗೂ ಗೊತ್ತಿಲ್ಲ ನೋಡ್ರಿ.

ಕಂಡಕಿಯ ಮಗಳು · ಶನಿವಾರ ರಾತ್ರಿ 9:10

ಅವ್ವನ್ನ ಕೇಳಿ ಕಳಸ್ತೀನಿ ಅಕ್ಕಾರ. ಈಗ ಬಾಜೂಕ ಕುಂತು ನಾ ಟೈಪ್ ಮಾಡೂದು ನೋಡಾಕತ್ತಾಳ. ‘ಎರೆದ್ರ’ ಅಲ್ಲಂತ, ಹಾಡಬೇಕಾದ್ರ ‘ಎರದಾರ’ ಅಂತ ಎಳೀಬೇಕಂತ. ತಿದ್ದಾಕ ಹತ್ತೀನಿ.